ಹೊಸ್ತಿಲಿಗೂ ಬಳಿಸಿದ ಹಳದಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನಮ್ಮ ಮನೆಗೆ ಬಂದ ಮೊದಲ ದಿನವೇ ನನ್ನ ಅತ್ತೆಯನ್ನು 'ಅವ್ವಾ' ಎಂದು ಕರೆದಳು. ಅವತ್ತು ಹತ್ತಿದ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ. ಆರಲಿ ಎಂದು ನಾನೇನೂ ನೀರು ಹಾಕಿದವಳಲ್ಲ.

ನಾನು ಹಾನಗಲ್ಲಿನ ಕಡೆಯ ಹಳ್ಳಿಯವಳು. ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ಸವಣೂರಿನ ಈ ಮನೆಗೆ ಸೊಸೆಯಾಗಿ ಬಂದಾಗ ಉಟ್ಟ ಸೀರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟು ಸಣ್ಣವಳು. ಅತ್ತೆಯೇ ನಿರಿಗೆ ಹಿಡಿದು ಉಡಿಸುತ್ತಿದ್ದಳು, ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದಳು. ಹಿಟ್ಟಿನ ಮೇಲೆ ನನ್ನ ಅಂಗೈ, ಅದರ ಮೇಲೆ ತನ್ನ ಅಂಗೈ ಇಟ್ಟು ತಿರುಗಿಸಿ ತಿರುಗಿಸಿ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಇಷ್ಟೆಲ್ಲ ಮಾಡಿದವಳನ್ನು ನಾನು 'ಅತ್ತಿ' ಎಂದೇ ಕರೆಯುತ್ತಿದ್ದೆ. ಬೇರೆ ಏನಾದರೂ ಕರೆಯಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಚಿಕ್ಕೇರೂರಿನಿಂದ ಬಂದ ಇವಳಿಗೆ, ಊರಲ್ಲಿ ಗಟ್ಟಿಮುಟ್ಟಾದ ತಾಯಿಯನ್ನು ಬಿಟ್ಟು ಬಂದವಳಿಗೆ, ಅದು ಚಕ್ಕಡಿಯಿಂದ ಇಳಿಯುವ ಮೊದಲೇ ಹೊಳೆದಿತ್ತು. ಇದ್ದವಳಿಗೆ ಇನ್ನೊಬ್ಬ ಅವ್ವ, ಇಲ್ಲದವಳಿಗೆ ಅತ್ತಿ. ಯಾವ ನ್ಯಾಯ ಇದು?

ಅತ್ತೆಯೂ ಅವಳನ್ನು 'ಕೂಸ' ಎಂದಳು. ಗುರುತಿಗೆ ಇರಲಿ ಎಂದು ನನ್ನನ್ನು 'ಹಿರೇಕಿ' ಎನ್ನತೊಡಗಿದಳು. ನನಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ, ಹಿರಿಯಳಾಗಿ ಕೂತೆ. ಮೊಸರಿನ ಗಡಿಗೆಯ ಮೇಲಿನ ಕೆನೆ ಅಲ್ಲಿಯವರೆಗೆ ನನ್ನ ರೊಟ್ಟಿಯ ಮೇಲೆ ಬೀಳುತ್ತಿತ್ತು, ಆಮೇಲೆ ಅವಳ ರೊಟ್ಟಿಯ ಮೇಲೆ. ಹೊಸಬಳು, ಊರು ಬಿಟ್ಟು ಬಂದಾಳ ಎಂದು ಅತ್ತೆ ಹೇಳುತ್ತಿದ್ದಳು. ನಾನೇನು ಈ ಮನೆಯ ಮಾಡಿನಿಂದ ಉದುರಿದವಳೇ? ಬಾಯಿಬಿಟ್ಟು ಹೇಳಲಿಲ್ಲ. ಪಾತ್ರೆ ತಿಕ್ಕುವಾಗ ಪಾತ್ರೆಗಳು ನನ್ನ ಪರವಾಗಿ ಮಾತಾಡಿದವು.

ಅತ್ತೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅವಳಿಗೆ ಮನೆ ಎಂದರೆ ಹೊಸ್ತಿಲು. ಬೆಳಿಗ್ಗೆ ಎದ್ದವಳು ದೇವರ ಮುಖಕ್ಕಿಂತ ಮೊದಲು ತಲಬಾಗಿಲ ಹೊಸ್ತಿಲನ್ನು ನೋಡುತ್ತಿದ್ದಳು. ತೊಳೆದು, ಅರಿಷಿಣ ಬಳಿದು, ಕದಕ್ಕೂ ನಾಲ್ಕು ಬೆರಳಿನ ಅರಿಷಿಣದ ಪಟ್ಟಿ ಎಳೆದು, ಕುಂಕುಮವಿಟ್ಟ ಮೇಲೆಯೇ ಅದನ್ನು ದಾಟುವುದು. ನಾನು ಬಂದ ಹೊಸತರಲ್ಲಿ ಒಮ್ಮೆ ಅರಿಷಿಣ ಹಚ್ಚುವುದನ್ನು ಮರೆತಿದ್ದೆ. ಹುಲಗೂರಿನಿಂದ ಬಿಸಿಲಲ್ಲಿ ನಡೆದು ಬಂದ ಅತ್ತೆ ಒಳಗೆ ಕಾಲಿಡಲಿಲ್ಲ. ನಾನು ಅರಿಷಿಣ ಕಲಸಿ ತರುವವರೆಗೆ ಬೀದಿಯಲ್ಲೇ ನಿಂತಿದ್ದಳು. ಬೈಯಲಿಲ್ಲ. ಆದರೆ ಬರಿ ಹೊಸ್ತಿಲನ್ನು ಅವಳು ದಾಟುವವಳಲ್ಲ ಎಂಬುದು ನನಗೆ ಅವತ್ತೇ ತಿಳಿಯಿತು.

ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವಿರಬೇಕು, ನಮ್ಮ ಮನೆ ಎರಡಾಯಿತು. ಎಲೆಬಳ್ಳಿಯ ತೋಟಕ್ಕೆ ನೀರು ಬಿಡುವ ಸರದಿಯ ಮೇಲೆ ಅಣ್ಣತಮ್ಮಂದಿರಿಗೆ ಮಾತು ಬೆಳೆದು, ಮಾವ ಬೇಸತ್ತು ಪಾಲು ಮಾಡಿಬಿಟ್ಟರು. ಮಾವ ತೋಟದ ಗುಡಿಸಲಲ್ಲೇ ಇರುವ ಮನುಷ್ಯ, ಯಾರ ಮನೆಯಿಂದ ಬುತ್ತಿ ಬಂದರೂ ಸರಿ ಎಂದರು. ಪಡಸಾಲೆಯ ನಡುವೆ ಗೋಡೆ ಎದ್ದಿತು. ತಲಬಾಗಿಲು ಜೋಡು ಕದದ್ದು, ಹಳೆಯ ಸಾಗವಾನಿ. ಅದನ್ನು ಯಾರಿಗೆ ಕೊಡುವುದು? ಶಿಗ್ಗಾಂವಿಯಿಂದ ಬಂದ ಬಡಿಗ ಎರಡೂ ಕದ ಬಿಚ್ಚಿ, ಒಂದೊಂದು ಕದಕ್ಕೆ ಬೇವಿನ ಹೊಸ ಚೌಕಟ್ಟು ಕಟ್ಟಿ, ಒಂದು ಬಾಗಿಲನ್ನು ಎರಡು ಮಾಡಿದ. ಗೋಡೆಯ ಆಚೆಗೊಂದು ಈಚೆಗೊಂದು ನಿಂತವು. ಹಳೆಯ ಕದ ಕಪ್ಪು, ಹೊಸ ಚೌಕಟ್ಟು ಬಿಳುಚು. ನೋಡಲು ಅಸಹ್ಯವಾಗಿದ್ದರಿಂದ ಬಣ್ಣ ಬಳಿಸಲೇಬೇಕಾಯಿತು.

ಪಾತ್ರೆ, ಕಾಳು, ದನ ಎಲ್ಲ ಪಾಲಾದವು. ಉಳಿದದ್ದು ದೇವರ ಜಗಲಿ, ಅಂದರೆ ಮನೆದೇವರ ಪೀಠ ಒಂದು, ಅತ್ತೆ ಒಬ್ಬಳು. ಜಗಲಿ ಎಲ್ಲಿಯೋ ಅತ್ತೆ ಅಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾವ ಮನೆಗೆ ಹೋಗುತ್ತೀ ಎಂದು ಕೇಳಿದರೆ ಅವಳು, ಹೊಸಮನೆ ಪ್ರವೇಶದ ದಿನ ದೇವರು ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಎನ್ನುತ್ತಿದ್ದಳು. ಊರಲ್ಲಿ ಬೇರೆ ಹೆಂಗಸರು ತಮ್ಮ ಅತ್ತೆ ಆಚೆ ಪಾಲಿಗೆ ಹೋಗಲಿ ಎಂದು ಹರಕೆ ಹೊರುವ ಕಾಲ ಅದು. ನನಗೆ ಮಾತ್ರ ಬೇಕಿತ್ತು. ಅವಳು ನನ್ನ ಪಾಲಿಗೆ ಬರಬೇಕು, ಆ ಚಿಕ್ಕೇರೂರಿನವಳ ಪಾಲಿಗೆ ಹೋಗಬಾರದು. ಈ ಎರಡರಲ್ಲಿ ಯಾವುದು ಹೆಚ್ಚು ಬೇಕಿತ್ತು ಎಂದು ಕೇಳಿದರೆ ನಾನು ಹೇಳಲಾರೆ.

ಕೆಲಸ ಮುಗಿಯುವವರೆಗೆ ಅತ್ತೆ ದೇವರ ಸಮೇತ ಎದುರು ಮನೆಯ ಪಡಸಾಲೆಯಲ್ಲಿದ್ದಳು. ಆಗಲೇ ಅವಳ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಬಣ್ಣದ ಮಾತು ಬಂದಾಗ ಅವಳು ಒಂದೇ ಮಾತು ಹೇಳಿದಳು: "ಎರಡಕ್ಕೂ ಒಂದ ಬಣ್ಣ ಬಳೀಬ್ಯಾಡ್ರಿ. ಯಾವ್ದು ಯಾರದು ಅಂತ ನನ್ನ ಕಣ್ಣಿಗೆ ತಿಳೀಬೇಕು."

ಬಣ್ಣ ಬಳಿಯಲು ಬಂದವರು ಹುಲಗೂರಿನ ಮುದುಕ ಸಾಬರು. ಚಕ್ಕಡಿಗೆ, ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಬಣ್ಣ ಹಚ್ಚುವವರು. ಆ ಸಲದ ಹುಣ್ಣಿಮೆ ಮುಗಿದು ಅವರ ಹತ್ತಿರ ಎರಡೇ ಡಬ್ಬಿ ಉಳಿದಿದ್ದವು. ಒಂದು ಹಳದಿ, ಒಂದು ಹಸಿರು. ಎರಡನ್ನೂ ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದು, ಯಾರಿಗೆ ಯಾವುದು ಎಂದು ಕೇಳಿದರು.

ನಿಜ ಹೇಳುತ್ತೇನೆ, ನನಗೆ ಹಸಿರು ಇಷ್ಟ. ಎಳೆಯ ಎಲೆಬಳ್ಳಿಯ ಹಸಿರು ಅದು, ನೋಡಿದ ಕೂಡಲೇ ಕಣ್ಣು ತಂಪಾಯಿತು. ಆದರೆ ನನಗೆ ಬೇಕಾದದ್ದು ನನಗಿಷ್ಟವಾದ ಬಣ್ಣವಲ್ಲ, ನೆಗೆಣ್ಣಿಗಿಷ್ಟವಾದ ಬಣ್ಣ. ಅವಳು ಏನನ್ನು ಕೇಳುತ್ತಾಳೋ ಅದನ್ನು ಹಿರಿಯ ಸೊಸೆಯ ಹಕ್ಕಿನಿಂದ ನಾನು ಎತ್ತಿಕೊಳ್ಳಬೇಕೆಂದು ಸುಮ್ಮನೆ ಕಾದೆ. ಆ ಮಾಯಗಾತಿ ತಲೆ ತಗ್ಗಿಸಿಕೊಂಡು, "ಅಕ್ಕಾ, ನೀವ ಮೊದ್ಲ ಆರಿಸ್ಕೊಳ್ರಿ. ಉಳದದ್ದು ನನಗಿರ್ಲಿ" ಎಂದಳು.

ಮೈ ಉರಿದುಹೋಯಿತು. ಒಳ್ಳೆಯವಳು ಎನ್ನಿಸಿಕೊಳ್ಳುವ ಅವಕಾಶವನ್ನು ಅವಳು ಒಂದೂ ಬಿಡುತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಸಾಬರನ್ನು ಕಳಿಸಿ, ಇಡೀ ದಿನ ಅವಳ ಕಣ್ಣನ್ನು ಕಾಯುತ್ತಾ ಕೂತೆ. ನೀರಿಗೆ ಹೋಗುವಾಗ ಅವಳು ಹಳದಿ ಡಬ್ಬಿಯ ಕಡೆ ನೋಡಿದಳು. ನೀರು ಹೊತ್ತು ಬರುವಾಗ ಬಿಂದಿಗೆ ತಲೆಯ ಮೇಲಿದ್ದರೂ ಕತ್ತು ತಿರುಗಿಸಿ ಮತ್ತೆ ನೋಡಿದಳು. ಅಷ್ಟು ಸಾಕಾಯಿತು. ಮರುದಿನ, ನನಗೆ ಹಳದಿ, ಅರಿಷಿಣದ ಬಣ್ಣ, ಲಕ್ಷ್ಮಿಯ ಬಣ್ಣ ಎಂದು ಹತ್ತು ಜನ ಕೇಳುವ ಹಾಗೆ ಹೇಳಿದೆ. ಅವಳ ಮುಖ ಬಾಡಿತು. ಅದನ್ನು ಕಂಡು ನನ್ನ ಮುಖ ಅರಳಿತು.

ಆ ಸುಖ ಸಂಜೆಯವರೆಗೂ ಬಾಳಲಿಲ್ಲ. ಎದುರು ಮನೆಯ ಹೆಂಗಸು ಹಸಿರು ಬಾಗಿಲನ್ನು ನೋಡಿ, ಇದು ನಿಮ್ಮ ಅತ್ತೆಗೆ ಹಿಡಿಸುವ ಬಣ್ಣ, ಥೇಟ್ ಹುಲಗೂರಿನ ದರ್ಗಾದ ಚಾದರ ಎಂದಳು.  ಕಿರಿಯ ಮಗ ಹುಟ್ಟಿದ್ದೇ ಆ ದರ್ಗಾಕ್ಕೆ ಬೇಡಿಕೊಂಡ ಮೇಲೆ ಎಂದು ಅತ್ತೆ ವರ್ಷಕ್ಕೊಮ್ಮೆ ಸಕ್ಕರೆಯ ಮೇಲೆ ಫಾತಿಹಾ ಓದಿಸಿ ಹಂಚಲು ಅಲ್ಲಿಗೆ ಹೋಗುತ್ತಿದ್ದಳು. ಕೈಗೆ ಬಂದ ಹಸಿರನ್ನು ನಾನೇ ಎತ್ತಿ ನೆಗೆಣ್ಣಿಗೆ ಕೊಟ್ಟಂತಾಯಿತು. ಸಾಬರು ನನ್ನ ಕದದ ಮೇಲೆ ಹಳದಿಯ ಎರಡನೇ ಕೈ ಎಳೆಯುತ್ತಿದ್ದರು. ಈಗ ಬದಲಿಸುವ ಹಾಗಿರಲಿಲ್ಲ.

ಬದಲಿಸಲಾಗದಿದ್ದರೆ ಹೆಚ್ಚಿಸಬೇಕು. ಅವಳ ಹಸಿರು ಡಬ್ಬಿ ಕದಕ್ಕೇ ಮುಗಿದು, ಚೌಕಟ್ಟಿಗೆ ತೆಳ್ಳಗೆ ಬಳಿದು ಕೈಬಿಟ್ಟಿದ್ದರು. ನನ್ನದರಲ್ಲಿ ಇನ್ನೂ ಬಣ್ಣ ಉಳಿದಿತ್ತು. ಹೊಸ್ತಿಲಿಗೂ ಬಳಿಯಿರಿ ಎಂದೆ. ಸಾಬರು ಕುಂಚ ಎತ್ತಿ ಹಿಡಿದು, "ಹೊಸ್ತಿಲಕ್ಕ ಯಾರೂ ಬಣ್ಣ ಬಳಿಸೂದಿಲ್ರೀ ಯವ್ವಾ" ಎಂದರು. ಯಾರೂ ಬಳಿಸುವುದಿಲ್ಲ ಎಂದ ಮೇಲೆ ನಾನು ಬಳಿಸದೆ ಬಿಡುತ್ತೇನೆಯೇ? ಹೊಸ್ತಿಲೂ ಹಳದಿಯಾಯಿತು. ಒಣಗುವವರೆಗೆ ನೀರು, ಅರಿಷಿಣ ಏನೂ ತಾಗಿಸಬೇಡಿ ಎಂದು ಹೇಳಿ ಅವರು ಹೋದರು. ಬೀದಿಯ ಆ ತುದಿಯಿಂದಲೇ ನನ್ನ ಬಾಗಿಲು ಬೆಳಗುತ್ತಿತ್ತು. ಸಂತೆಗೆ ಹೋಗುವವರು ನಿಂತು ನೋಡಿದರು. ಪಕ್ಕದ ಹಸಿರು ಬಾಗಿಲು ನೆರಳಿನಲ್ಲಿ ಕೂತ ಹಾಗೆ ಕಾಣುತ್ತಿತ್ತು.

ಪ್ರವೇಶದ ದಿನ ಬೆಳಿಗ್ಗೆ ಇಬ್ಬರೂ ನಮ್ಮ ನಮ್ಮ ಹೊಸ್ತಿಲ ಮುಂದೆ ಕೂತೆವು. ನಾನು ಅರಿಷಿಣ ಕಲಸಿ ಹೊಸ್ತಿಲಿಗೆ ಬಳಿದೆ. ಕಾಣಲಿಲ್ಲ. ಕದಕ್ಕೆ ಬೆರಳಿನಿಂದ ಪಟ್ಟಿ ಎಳೆದೆ. ಅದೂ ಕಾಣಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕಲಸಿ ಹಚ್ಚಿದೆ. ನುಣ್ಣನೆಯ ಎಣ್ಣೆಬಣ್ಣದ ಮೇಲೆ ಅರಿಷಿಣ ನಿಲ್ಲದೆ ಜಾರಿ ಕೆಳಗಿಳಿಯಿತು. ನಿಂತಷ್ಟು ಅರಿಷಿಣವೂ ಹಳದಿಯೊಳಗೆ ಹಳದಿಯಾಗಿ ಮಾಯವಾಯಿತು. ಎದ್ದು ಬೀದಿಗೆ ಹೋಗಿ ತಿರುಗಿ ನೋಡಿದೆ. ನನ್ನ ಹೊಸ್ತಿಲು ಬರಿ ಹೊಸ್ತಿಲಾಗಿತ್ತು. ಪಕ್ಕದಲ್ಲಿ ಅವಳ ಬಣ್ಣ ಬಳಿಯದ ಹೊಸ್ತಿಲ ಮೇಲೆ, ಹಸಿರು ಕದದ ಮೇಲೆ, ಎರಡು ಚಿಟಿಕೆ ಅರಿಷಿಣ ಎಷ್ಟು ಚಂದ ಎದ್ದು ಕಾಣುತ್ತಿತ್ತೆಂದರೆ, ನನಗೆ ಅಲ್ಲಿಯೇ ಒಂದು ಬಿಂದಿಗೆ ನೀರು ಎರಚಿ ತೊಳೆದುಬಿಡಬೇಕು ಎನ್ನಿಸಿತು.

ಡಬ್ಬಿಯಲ್ಲಿದ್ದ ಅರಿಷಿಣವನ್ನೆಲ್ಲ ಸುರಿದುಕೊಂಡು ಮತ್ತೆ ಕೂತೆ. ಮೊಣಕೈವರೆಗೆ ನನ್ನ ಕೈ ಹಳದಿಯಾಯಿತು, ಸೀರೆ ಹಳದಿಯಾಯಿತು, ಹೊಸ್ತಿಲು ಮೊದಲು ಹೇಗಿತ್ತೋ ಹಾಗೇ ಇತ್ತು. ಅಷ್ಟರಲ್ಲಿ ಅತ್ತೆ ಹೊರಟಿದ್ದಳು.

ನಮ್ಮ ಮನೆಯ ಪದ್ಧತಿಯಲ್ಲಿ ದೇವರ ಬುಟ್ಟಿಯನ್ನು ತಲೆಯ ಮೇಲೆ ಹೊತ್ತವರು ಅದನ್ನು ಜಗಲಿಗೆ ಇಳಿಸುವವರೆಗೆ ಮಾತಾಡುವ ಹಾಗಿಲ್ಲ. ಅವರನ್ನು ಯಾರೂ ಕೂಗುವ ಹಾಗಿಲ್ಲ, ದಾರಿ ತೋರಿಸುವ ಹಾಗಿಲ್ಲ. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿ ಹೊತ್ತು ಅತ್ತೆ ಬೀದಿ ದಾಟಿ ಬಂದಳು. ಬಂದವಳು ಸೀದಾ ನನ್ನ ಬಾಗಿಲಿಗೆ ಬಂದಳು. ನನ್ನ ಬಾಗಿಲಿಗೆ! ನನ್ನ ಕಣ್ಣು ತುಂಬಿ ಬಂತು, ಪಕ್ಕಕ್ಕೆ ಸರಿದು ನಿಂತೆ. ಅವಳು ಅಭ್ಯಾಸದಂತೆ ಮೊದಲು ಹೊಸ್ತಿಲನ್ನು ನೋಡಿದಳು. ತಲೆಯ ಮೇಲಿನ ಭಾರ ಅಲುಗದ ಹಾಗೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಕದ, ಹೊಸ್ತಿಲು ಎಲ್ಲ ಒಂದೇ ಹಳದಿ ಬಣ್ಣ, ಬೆರಳಿನ ಪಟ್ಟಿ ಎಲ್ಲೂ ಇಲ್ಲ, ನಾನಿಟ್ಟ ಕುಂಕುಮದ ಬೊಟ್ಟು ಅವಳ ಕಣ್ಣಿಗೆ ಎಟುಕುವಂಥದ್ದಲ್ಲ. ಹಚ್ಚೇನ್ರಿ ಅತ್ತಿ, ಹಚ್ಚೇನಿ ಎಂದು ನನ್ನ ಗಂಟಲವರೆಗೆ ಬಂತು. ಬಾಯಿ ಬಿಡುವ ಹಾಗಿರಲಿಲ್ಲ. ಅವಳು ಇನ್ನೂ ಸ್ವಲ್ಪ ಕಾದಳು. ಆಮೇಲೆ ತಿರುಗಿ, ಗೋಡೆ ದಾಟಿ, ಹಸಿರು ಬಾಗಿಲ ಮುಂದೆ ನಿಂತು, ಹೊಸ್ತಿಲು ನೋಡಿ, ಬಲಗಾಲಿಟ್ಟು ಒಳಗೆ ಹೋದಳು.

ದೇವರನ್ನು ಇಳಿಸಿ ಹೊರಗೆ ಬಂದ ಮೇಲೆ ಅವಳ ಮೊದಲ ಮಾತು ನನಗೇ ಬಂತು. "ಇಂಥಾ ದಿನಾನೂ ಹೊಸ್ತಿಲಕ್ಕ ಅರಿಷಿಣ ಹಚ್ಚಲಿಲ್ಲಲ್ಲ ಹಿರೇಕಿ. ನಾ ಬರೂದು ಬ್ಯಾಡಾಗಿತ್ತೇನ ನಿನಗ?" ನಾನು ಎರಡೂ ಕೈ ಎತ್ತಿ ತೋರಿಸಿದೆ. ನೆರೆದವರೆಲ್ಲ ನೋಡಿದರು, ಅತ್ತೆಗೆ ಕಾಣಲಿಲ್ಲ. ಯಾರೋ ವಿಷಯ ತಿಳಿಸಿದಾಗ ಪಾಪ ಅವಳು ನನ್ನ ಅಂಗೈ ಹಿಡಿದು ಮೂಸಿ ನೋಡಿದಳು. ಆದರೆ ಒಮ್ಮೆ ಕೂತ ದೇವರನ್ನು ಏಳಿಸುವಂತಿರಲಿಲ್ಲ. ನನ್ನ ಸಿಟ್ಟೂ ಅವತ್ತು ಕೂತದ್ದು ಏಳಲಿಲ್ಲ.

ಬಾಗಿಲಿನ ಬಣ್ಣ ಬದಲಿಸು ಎಂದು ಗಂಡ ಹೇಳಿ ನೋಡಿದರು. ಹಸಿರು ಬಳಿದರೆ ಅವಳನ್ನು ನೋಡಿ ಬಳಿದಂತಾಗುತ್ತದೆ. ಪ್ರತಿ ಕಾರಹುಣ್ಣಿಮೆಗೆ ಸಾಬರನ್ನು ಕರೆಸಿ ಅದೇ ಹಳದಿಯನ್ನು ಮತ್ತೆ ಮತ್ತೆ ಬಳಿಸಿದೆ, ಹೊಸ್ತಿಲ ಸಮೇತ. ಪಕ್ಕದ ಮನೆಯಿಂದ ಅತ್ತೆಯ ನಗು ಗೋಡೆ ದಾಟಿ ಬರುತ್ತಿತ್ತು. 'ಕೂಸ', 'ಅವ್ವಾ' ಎಂಬುದು ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುತ್ತಿತ್ತು. ಮೊದಮೊದಲು ಅತ್ತೆ ನನ್ನ ಮನೆಗೂ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ನಾನು ಹೂಂ, ಹಾಂ ಎಂದಷ್ಟೇ ಅನ್ನುತ್ತಿದ್ದೆ. ಬರುವುದು ನಿಂತಿತು.

ಮಧ್ಯಾಹ್ನವಾದರೆ ನೆಗೆಣ್ಣಿ ಒಂದು ರೊಟ್ಟಿಯ ಮೇಲೆ ಕೆನೆಮೊಸರು ಹಾಕಿ ತಂದು ನನ್ನ ಹೊಸ್ತಿಲ ಒಳಗೆ ಇಟ್ಟು ಹೋಗುತ್ತಿದ್ದಳು. ಮಾಡಿದ್ದೆ, ತಂದೆ ಎನ್ನುವಳು, ಮತ್ತೇನೂ ಹೇಳುತ್ತಿರಲಿಲ್ಲ. ದೇವರೂ ಅವಳ ಮನೆಯಲ್ಲಿ, ಅತ್ತೆಯೂ ಅವಳ ಮನೆಯಲ್ಲಿ, ಮೇಲೆ ನನಗೆ ದಾನ ಬೇರೆ! ಅವಳು ಹೋದ ಕೂಡಲೇ ಒಯ್ದು ಎಮ್ಮೆಯ ಮುಂದಿಡುತ್ತಿದ್ದೆ. ಆ ವರ್ಷಗಳಲ್ಲಿ ನಮ್ಮ ಎಮ್ಮೆ ತಿಂದಷ್ಟು ಕೆನೆಯನ್ನು ಸವಣೂರಿನಲ್ಲಿ ಮನುಷ್ಯರು ಯಾರೂ ತಿಂದಿರಲಾರರು.

ಹೈಬ್ರಿಡ್ ಜೋಳ ನಮ್ಮ ಕಡೆ ಹೊಸದಾಗಿ ಬಂದ ವರ್ಷದ ಹೊತ್ತಿಗೆ ಅತ್ತೆಯ ಕಣ್ಣು ಪೂರಾ ಮಂದವಾಗಿತ್ತು. ಹಸಿರು ಕದ ಅವಳಿಗೆ ಬರೀ ಕತ್ತಲೆ. ಅದರ ಮೇಲಿನ ಅರಿಷಿಣದ ಪಟ್ಟಿ ಮಾತ್ರ ಮಸುಕಾಗಿ ಹೊಳೆಯುತ್ತದೆ, ಅವ್ವ ಅದನ್ನೇ ಗುರುತು ಹಿಡಿದು ಮನೆಗೆ ಬರುತ್ತಾಳೆ ಎಂದು ನೆಗೆಣ್ಣಿ ನೀರಿನ ಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು. ನನಗೆ ಕೇಳಿಸಲೆಂದೇ ಹೇಳುತ್ತಾಳೆ ಎಂದು ನಾನು ತಿಳಿದಿದ್ದೆ.

ಒಂದು ಬೆಳಿಗ್ಗೆ ಅವಳ ಬಚ್ಚಲಿನ ನೀರು ಹರಿದು ಬಂದು ನನ್ನ ರಂಗೋಲಿ ಅಳಿಸಿತು. ಇಷ್ಟಕ್ಕೇ ನಾನು ಬೀದಿಯಲ್ಲಿ ನಿಂತು ಹಳೆಯದನ್ನೆಲ್ಲ ಎತ್ತಿ ಆಡಿದೆ. ಅವಳು ಒಂದೂ ಮಾತಾಡದೆ ಒಳಗೆ ಹೋದದ್ದು ನನ್ನನ್ನು ಇನ್ನಷ್ಟು ಕೆರಳಿಸಿತು. ಎದುರು ಮನೆಯ ಕಟ್ಟೆಯ ಮೇಲೆ ಅತ್ತೆ ಕೂತು ಎಲ್ಲ ಕೇಳುತ್ತಿದ್ದಳು. ಅವತ್ತು ನಾನು ಒಲೆ ಹಚ್ಚಿ ಗಂಡನಿಗೆ ಬಡಿಸಿದೆ, ನಾನು ಉಣ್ಣಲಿಲ್ಲ.

ಮಧ್ಯಾಹ್ನ ನೆಗೆಣ್ಣಿ ಬಟ್ಟೆ ಒಗೆಯಲು ಹೋಗಿದ್ದಳು. ಅತ್ತೆ ಕಟ್ಟೆಯಿಂದ ಇಳಿದು ಒಬ್ಬಳೇ ಕೋಲೂರಿಕೊಂಡು ಬರುವುದು ಒಳಗಿನಿಂದ ನನಗೆ ಕಾಣುತ್ತಿತ್ತು. ಅರ್ಧ ಮುಚ್ಚಿದ್ದ ನನ್ನ ಕದದ ಮೇಲೆ ಬಿಸಿಲು ಬಿದ್ದಿತ್ತು. ಅತ್ತೆ ನಿಂತು ಅದನ್ನೇ ನೋಡಿದಳು, ನೆಟ್ಟಗೆ ಅದರ ಕಡೆಗೆ ಬಂದಳು. ಬಗ್ಗಿ ಹೊಸ್ತಿಲನ್ನೂ ನೋಡಿ, ಸಮಾಧಾನವಾದವಳಂತೆ ದಾಟಿ ಒಳಗೆ ಬಂದು ಕಂಬಕ್ಕೆ ಒರಗಿ ಕೂತಳು. ಎರಡೂ ಮನೆ ಒಂದೇ ಪಡಸಾಲೆಯ ಎರಡು ಹೋಳು, ಕಂಬವೂ ಅಂಥದ್ದೇ, ನೆಲವೂ ಅಂಥದ್ದೇ. ಅವಳು ನನ್ನ ಹಳದಿಯನ್ನು ನೆಗೆಣ್ಣಿಯ ಅರಿಷಿಣವೆಂದುಕೊಂಡು ಬಂದಿದ್ದಳು.

"ಕೂಸ" ಎಂದಳು.

ಇದು ನಿನ್ನ ಕೂಸಿನ ಮನೆಯಲ್ಲ, ಆಚೆ ಬಾಗಿಲಿಗೆ ಹೋಗು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

"ಹಿರೇಕಿ ಉಂಡ್ಲೇನ?" ಎಂದು ಕೇಳಿದಳು. ಮರುಕ್ಷಣ ತಾನೇ ಮುಂದುವರಿಸಿದಳು. "ಉಂಡಿರೂದಿಲ್ಲ. ಸಿಟ್ಟ ಬಂದ್ರ ಉಣ್ಣೂದಿಲ್ಲ ಆಕಿ, ಸಣ್ಣಾಕಿದ್ದಾಗಿಂದ ಹಂಗ. ದಿನಾ ಕೊಡೂ ಹಂಗ ರೊಟ್ಟಿ ಮ್ಯಾಲ ಕೆನಿ ಹಾಕಿ ಕೊಟ್ಟ ಬಾ. ನಾ ಕಳಿಸೀನಿ ಅಂತ ಮಾತ್ರ ಹೇಳಬ್ಯಾಡ, ತಿನ್ನೂದಿಲ್ಲ."

 ನನಗೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚೇ. ಈ ಮಾತನ್ನು ಇಷ್ಟು ವರ್ಷ ದಿನವೂ ಆ ಚಿಕ್ಕೇರೂರಿನವಳು ಕೇಳುತ್ತಿದ್ದಳಲ್ಲ! ನನ್ನ ಮೇಲಿನ ಪ್ರೀತಿಯ ಮಾತು, ನನಗಲ್ಲ, ಅವಳ ಕಿವಿಗೆ ಬೀಳುತ್ತಿತ್ತು. ಅವಳು ಅದನ್ನು ಬಾಯಲ್ಲಿಟ್ಟುಕೊಂಡು ನನ್ನ ಹೊಸ್ತಿಲವರೆಗೆ ಬಂದು, ಹೇಳಬೇಡ ಎಂದದ್ದಕ್ಕೆ ಹೇಳದೆ ತಿರುಗಿ ಹೋಗುತ್ತಿದ್ದಳು. ಅಷ್ಟು ವಿಧೇಯಳಾಗಿರಲು ಅವಳಿಗೆ ಯಾರು ಹೇಳಿದ್ದರು?

ಅತ್ತೆ ಉತ್ತರಕ್ಕೆ ಕಾಯುತ್ತಿದ್ದಳು. 'ಅತ್ತಿ' ಎಂದರೆ ನಾನು ಯಾರೆಂದು ತಿಳಿದುಬಿಡುತ್ತದೆ. ತಿಳಿದರೆ ಎದ್ದು ಹೋಗುತ್ತಾಳೆ. ನಾನು ದನಿಯನ್ನು ತಗ್ಗಿಸಿ, ನೆಗೆಣ್ಣಿಯ ಹಾಗೆ ಮೆತ್ತಗೆ ಮಾಡಿಕೊಂಡು ಹೇಳಿದೆ.

"ಇನ್ನಾ ಉಂಡಿಲ್ಲ, ಅವ್ವಾ."

ಹಾಗಿದ್ದರೆ ತಡ ಮಾಡಬೇಡ, ಲಗೂನ ಕೊಟ್ಟು ಬಾ ಎಂದಳು. ನಾನು ಗಂಗಾಳದಲ್ಲಿ ರೊಟ್ಟಿ ಹಾಕಿಕೊಂಡು ಅದರ ಮೇಲೆ ನಮ್ಮ ಗಡಿಗೆಯ ಕೆನೆ ಹಾಕಿಕೊಂಡು ಬಂದೆ. ಅವಳ ಎದುರಿಗೇ ಕೂತು, ಮುರಿಯುವ ಸಪ್ಪಳ ಕೇಳದ ಹಾಗೆ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ನೆನೆಸಿ ಉಂಡೆ.